5 ನಿಮಿಷ ಓಡಿ ಆರಿಹೋಗುವ ಹಳೇ ಪಿಕಪ್, ಸಾಕಾಗಿಹೋಗಿದೆ

ತುಕ್ಕುಗಾಡಿ:
ಮೂರು ವಾರದಿಂದ ಇದರ ಕೆಳಗೇ ಮಲಗಿದ್ದೇನೆ. ಬ್ಯಾಟರಿ ಹೊಸದು, ಫಿಲ್ಟರ್ ಹೊಸದು, ಇಂಜಿನ್ ಆಯಿಲ್ ಕೂಡ ಬದಲಾಯಿಸಿದೆ. ಸೆಲ್ಫ್ ಹೊಡೆದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, 5 ನಿಮಿಷ ಗಡಿಯಾರ ನೋಡಿಕೊಂಡ ಹಾಗೆ ಓಡುತ್ತದೆ, ಆಮೇಲೆ ಉಸಿರು ಕಟ್ಟಿದ ಥರ ತಡವರಿಸಿ ಆರಿಹೋಗುತ್ತದೆ. ಕಾಲು ಗಂಟೆ ಬಿಟ್ಟು ಹೊಡೆದರೆ ಮತ್ತೆ ಸ್ಟಾರ್ಟ್! ದಯವಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ ಅಂತ ಮಾತ್ರ ಹೇಳಬೇಡಿ.

ಸ್ಪಾರ್ಕ್‌ಪ್ರಿಯ:
ಕಾಯಿಲ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಪ್ಲಗ್‌ಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಸ್ಪಾರ್ಕ್ ಹೋಗುತ್ತದೆ, ತಣ್ಣಗಾದರೆ ಮತ್ತೆ ಬರುತ್ತದೆ. ನನ್ನ ಗಾಡಿಗೂ ಇದೇ ಆಗಿತ್ತು.

ಹಳೇಗೇರ್:
ಗಾಡಿ ಎಷ್ಟು ದಿನ ನಿಂತಿತ್ತು? ಟ್ಯಾಂಕ್ ಇಳಿಸಿ ನೋಡಿದ್ದೀರಾ?

ಸ್ಪಾರ್ಕ್‌ಪ್ರಿಯ:
ಟ್ಯಾಂಕ್ ಆಮೇಲೆ ನೋಡೋಣ. ಆರಿದ ತಕ್ಷಣ ಒಂದು ಪ್ಲಗ್ ಬಿಚ್ಚಿ ಸ್ಪಾರ್ಕ್ ಇದೆಯಾ ನೋಡಿ. ಇಲ್ಲದಿದ್ದರೆ ಕಾಯಿಲ್, ಜೊತೆಗೆ ಕಂಡೆನ್ಸರ್ ಕೂಡ ಬದಲಾಯಿಸಿಬಿಡಿ.

ತುಕ್ಕುಗಾಡಿ:
ಸರ್, ಇದು ಡೀಸೆಲ್ ಗಾಡಿ ಅಲ್ವಾ, ಸ್ಪಾರ್ಕ್ ಎಲ್ಲಿಂದ ತರಲಿ? ನಿಂತಿದ್ದು 7 ವರ್ಷ. ಟ್ಯಾಂಕ್‌ನಲ್ಲಿ ಅರ್ಧ ಹಳೇ ಡೀಸೆಲ್ ಇತ್ತು, ಅದರ ಮೇಲೇ ಹೊಸದು ಹಾಕಿದೆ.

ಹಳೇಗೇರ್:
ಇದನ್ನು ಮೊದಲೇ ಹೇಳಬಾರದಾ ಮಾರಾಯ್ರೇ!

ಸ್ಪಾರ್ಕ್‌ಪ್ರಿಯ:
ಹಾಗಾದರೆ ಡೀಸೆಲ್ ಪಂಪ್ ಮೇಲಿರುವ ಸ್ಟಾಪ್ ಸೊಲೆನಾಯ್ಡ್, ಅಂದರೆ ಡೀಸೆಲ್ ಬಿಡುವ, ನಿಲ್ಲಿಸುವ ಕರೆಂಟ್ ವಾಲ್ವ್. ಅದರೊಳಗೂ ಕಾಯಿಲ್ ಇದೆ. ಬಿಸಿಯಾದರೆ ಬಿಟ್ಟುಬಿಡುತ್ತದೆ, ಡೀಸೆಲ್ ಬಂದ್. ನಾನು ಹೇಳಿದ್ದು ತಪ್ಪೇನಲ್ಲ.

ಎರಡುಟನ್:
ಸ್ಟಾರ್ಟಿಂಗ್ ಸ್ಪ್ರೇ ಹೊಡೀರಿ, ಎಲ್ಲ ಕಸ ಕಿತ್ಕೊಂಡು ಹೋಗುತ್ತೆ. ನನ್ನದಕ್ಕೆ ದೊಡ್ಡ ಟರ್ಬೋ ಹಾಕಿಸಿದ್ದೇನೆ, ಮುಂದೆ ವಿಂಚ್ ಇದೆ, ಚಳಿಯಲ್ಲೂ ಒಂದೇ ಹೊಡೆತಕ್ಕೆ ಸ್ಟಾರ್ಟ್.

ಹಳೇಗೇರ್:
ಸ್ಪ್ರೇ ಮಾತ್ರ ಬೇಡ. ಅದರಲ್ಲಿರುವುದು ಈಥರ್. ಸ್ಟಾರ್ಟ್ ಆಗಲು ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಕೆಂಪಗಿರುವಾಗ ಹೊಡೆದರೆ ಹೊತ್ತಲ್ಲದ ಹೊತ್ತಲ್ಲಿ ಹತ್ತಿಕೊಂಡು ಪಿಸ್ಟನ್ ಒಡೆಯಬಹುದು. ಅದೂ ಅಲ್ಲದೆ ಅವರ ಗಾಡಿ ಸ್ಟಾರ್ಟ್ ಆಗುತ್ತಿದೆ! ಆರಿಹೋಗುವುದು ಸಮಸ್ಯೆ. ಓದದೆ ಯಾಕೆ ಬರೀತೀರಿ?

ಎರಡುಟನ್:
20 ವರ್ಷದಿಂದ ಹೊಡೀತಿದ್ದೇನೆ, ಏನೂ ಆಗಿಲ್ಲ. ಎಲ್‌ಇಡಿ ಲೈಟ್ ಬಾರ್ ಹಾಕಿದ ಮೇಲಿನ ಫೋಟೋ ಬೇಕಾದರೆ ಹಾಕುತ್ತೇನೆ.

ಹಳೇಗೇರ್:
ಫೋಟೋ ಬೇರೆ ಕಡೆ ಹಾಕಿ. ತುಕ್ಕುಗಾಡಿಯವರೇ, ಕೇಳಿ. ಹಳೇ ಡೀಸೆಲ್‌ನ ತಳದಲ್ಲಿ ನೀರು ಕೂರುತ್ತದೆ, ಆ ನೀರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕರೀ ಲೋಳೆ ಕಟ್ಟುತ್ತದೆ. ಇಂಜಿನ್ ಎಳೆಯುತ್ತಿರುವಾಗ ಅದು ಟ್ಯಾಂಕ್ ಒಳಗಿನ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಇಂಜಿನ್ ನಿಂತರೆ ಎಳೆತ ಇಲ್ಲ, ಲೋಳೆ ನಿಧಾನಕ್ಕೆ ಕೆಳಗೆ ಬೀಳುತ್ತದೆ, ನಿಮ್ಮ ಕಾಲು ಗಂಟೆ ಅದೇ. ಕ್ಯಾಪ್‌ನ ಗಾಳಿ ತೂತು ಮುಚ್ಚಿದ್ದರೂ ಹೀಗೇ ಆಗುತ್ತದೆ, ಆರಿದ ತಕ್ಷಣ ಕ್ಯಾಪ್ ಬಿಚ್ಚಿದರೆ ಉಸ್ ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸುಮ್ನೆ ಭಾಗ ಬದಲಾಯಿಸುವ ಮೊದಲು ಒಂದು ಕ್ಯಾನ್‌ಗೆ ಶುದ್ಧ ಡೀಸೆಲ್ ಹಾಕಿ, ಫಿಲ್ಟರ್‌ಗೆ ಬರುವ ಪೈಪನ್ನೂ ಇಂಜಿನ್‌ನಿಂದ ವಾಪಸ್ ಹೋಗುವ ಪೈಪನ್ನೂ ಅದರೊಳಗೇ ಬಿಡಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಓಡಿಸಿ. ಅರ್ಧ ಗಂಟೆ ಓಡಿದರೆ ತಪ್ಪು ಟ್ಯಾಂಕ್ ಕಡೆಯದು.

ಸ್ಪಾರ್ಕ್‌ಪ್ರಿಯ:
ಅದಕ್ಕಿಂತ ಸುಲಭ, ಸೊಲೆನಾಯ್ಡ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ನೋಡಿ.

ತುಕ್ಕುಗಾಡಿ:
ಎರಡೂ ಮಾಡಿದೆ. 12 ವೋಲ್ಟ್ ನೇರ ಕೊಟ್ಟರೂ 5 ನಿಮಿಷಕ್ಕೆ ಆರಿತು. ಕ್ಯಾಪ್ ಬಿಚ್ಚಿದರೆ ಯಾವ ಸದ್ದೂ ಇಲ್ಲ. ಕ್ಯಾನ್‌ನಿಂದ 40 ನಿಮಿಷ ಓಡಿತು, ನಾನೇ ಆಫ್ ಮಾಡಿದೆ. ಟ್ಯಾಂಕ್ ಇಳಿಸಿದರೆ ಒಳಗೆ ಡಾಂಬರಿನ ಥರ ಏನೋ ಇದೆ, ಜಾಲರಿ ಪೂರ್ತಿ ಮುಚ್ಚಿತ್ತು. ತೊಳೆದು ಹಾಕಿದೆ, ಫಿಲ್ಟರ್ ಇನ್ನೊಂದು ಸಲ ಹೊಸದು. ಈಗ ಓಡುತ್ತಿದೆ! ಸಂಜೆ ರೋಡಿಗೆ ತೆಗೆಯುತ್ತೇನೆ.

ಗ್ರೀಸ್‌ಗನ್:
ಒಂದು ನಿಮಿಷ. ಬ್ರೇಕ್ ನೋಡಿದ್ದೀರಾ? ಇಷ್ಟುದ್ದ ಬರೆದಿದ್ದೀರಿ, ಯಾರೂ ಬ್ರೇಕ್ ಮಾತೇ ಎತ್ತಿಲ್ಲ. ಬ್ರೇಕ್ ಆಯಿಲ್ ನೀರು ಹೀರಿಕೊಳ್ಳುತ್ತದೆ, 7 ವರ್ಷದ್ದು ಎಂದರೆ ಒಳಗೆ ತುಕ್ಕು ಹಿಡಿದಿರಬಹುದು. ಟೈರ್ ಪಕ್ಕದಲ್ಲಿ ಡಾಟ್ ಎಂಬ ಸಾಲಿನ ಕೊನೆಯ 4 ಅಂಕಿ ನೋಡಿ. 2312 ಅಂತಿದ್ದರೆ 2012ರ 23ನೇ ವಾರ ತಯಾರಾದದ್ದು. ಟೈರಿನ ಅಚ್ಚು ಸವೆದಿಲ್ಲ ಅಂತ ನಂಬಬೇಡಿ, ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ.

ಎರಡುಟನ್:
ನನ್ನದಕ್ಕೆ ನಾಲ್ಕೂ ಡಿಸ್ಕ್ ಮಾಡಿಸಿದ್ದೇನೆ.

ತುಕ್ಕುಗಾಡಿ:
ತಡವಾಗಿ ಓದಿದೆ. 2 ಕಿಮೀ ಹೋಗಿ ಬಂದೆ. ಬ್ರೇಕ್ ಹಿಡಿಯುತ್ತದೆ, ಆದರೆ ಬಿಡುವುದಿಲ್ಲ. ಮುಂದಿನ ಎಡಗಡೆ ಚಕ್ರ ಮುಟ್ಟಲಾಗದಷ್ಟು ಬಿಸಿ.

ಗ್ರೀಸ್‌ಗನ್:
ಆ ಚಕ್ರದ ಬ್ರೇಕ್ ಪಿಸ್ಟನ್ ಜಾಮ್ ಆಗಿರಬಹುದು, ಇಲ್ಲ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲ್ ವಾಪಸ್ ಬಿಡುತ್ತಿಲ್ಲ. ಗಾಡಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜ್ಯಾಕ್ ನಂಬಬೇಡಿ. ಪೆಡಲ್ ಒತ್ತಿ ಬಿಡಿ, ಚಕ್ರ ಹಿಡಿದುಕೊಂಡಾಗ ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ನಿಂತಿತ್ತು, ಮೊದಲು ಹೋಸ್ ಬದಲಾಯಿಸಿ. ಆಗಲೂ ಬಿಡದಿದ್ದರೆ ಪಿಸ್ಟನ್.

ತುಕ್ಕುಗಾಡಿ:
ನಿಪ್ಪಲ್ ಮುರಿದು ಸ್ಪಾನರ್ ಜೊತೆಗೇ ಬಂತು. ಅರ್ಧ ಒಳಗೇ ಉಳಿದಿದೆ. ಅದಕ್ಕೆ ಫೋರಂನಲ್ಲಿ ಬೇರೆ ಥ್ರೆಡ್ ತೆರೆಯುತ್ತೇನೆ.