ಬಸ್ ಸ್ಟ್ಯಾಂಡ್, ಹೈವೇ ಹೋಟೆಲ್ ಟಾಯ್ಲೆಟ್ ಬಗ್ಗೆ ಯಾರಿಗೆ ಕಂಪ್ಲೇಂಟ್ ಕೊಡ್ಬೇಕು?

ದಾವಣಗೆರೆಯವಳು:
ಅಮ್ಮನ್ನ ಕರ್ಕೊಂಡು ಆಗಾಗ ಬೆಂಗಳೂರಿಗೆ ಆಸ್ಪತ್ರೆಗೆ ಹೋಗ್ಬೇಕಾಗುತ್ತೆ. ಅವ್ರಿಗೆ ಶುಗರ್ ಐತೆ, ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಹೋಗೋ ಹಂಗೆ ಮಾಡೋದು) ಬೇರೆ, ಆದ್ರೆ ಬಸ್ಸಿಗೆ ಹೋಗೋ ದಿನ ಮಾತ್ರೆ ಬಿಡ್ತಾರೆ, ಮನೆ ಬಿಟ್ಮೇಲೆ ಒಂದು ಗುಟುಕು ನೀರೂ ಕುಡಿಯಲ್ಲ, ಎಲ್ಲಾ ಟಾಯ್ಲೆಟ್ ಹೆದರಿಕೆಗೆ. ಹೋದ್ಸಲ ಬಸ್ಸು ಊಟಕ್ಕೆ ನಿಲ್ಸಿದ್ದ ಹೋಟೆಲಲ್ಲಿ ಹೆಂಗಸರ ಕಡೆ ಚಿಲಕ ಇರೋ ಜಾಗದಲ್ಲಿ ಬರೀ ತೂತು, ಅದಕ್ಕೆ ಯಾರೋ ಸೀರೆ ಅಂಚು ಹರಿದು ಕಟ್ಟಿದ್ರು, ಅಮ್ಮ ಬರೋ ತನಕ ನಾನು ಹೊರಗಿಂದ ಅದನ್ನ ಜಗ್ಗಿ ಹಿಡ್ಕೊಂಡು ನಿಂತಿದ್ದೆ. ನಲ್ಲೀಲಿ ನೀರಿಲ್ಲ. ಇನ್ನೊಂದು ಬಸ್ ಸ್ಟ್ಯಾಂಡಲ್ಲಿ ಮೂತ್ರಕ್ಕೆ ಉಚಿತ ಅಂತ ಗೋಡೆ ಮೇಲೇ ಬರ್ದಿದ್ರೂ ಗಂಡಸರನ್ನ ಸುಮ್ನೆ ಬಿಡ್ತಾರೆ, ಹೆಂಗಸರ ಹತ್ರ ಐದು ರೂಪಾಯಿ. ಇದಕ್ಕೆ ರೂಲ್ಸೇ ಇಲ್ವಾ?

ಕೋಟೆ ಊರಿನೋನು:
ರೂಲ್ಸ್ ಐತೆ ಮೇಡಂ, ಆದ್ರೆ ನೀವು ನಿಂತಿರೋ ಜಾಗ ಯಾರ್ದು ಅಂತ ಮೊದ್ಲು ನೋಡ್ಬೇಕು. ಟೋಲ್ ಹತ್ರ ಇರೋವು ಹೆದ್ದಾರಿ ಪ್ರಾಧಿಕಾರದವು, ನಮ್ಮ ಎನ್‌ಎಚ್ 48ರಲ್ಲಿ ಹಿರಿಯೂರಾಗ್ಲಿ ಹರಿಹರಾಗ್ಲಿ 1033ಕ್ಕೆ ಫೋನ್ ಮಾಡಿ, ಇಲ್ಲ ರಾಜಮಾರ್ಗಯಾತ್ರಾ ಆ್ಯಪಲ್ಲಿ ಫೋಟೋ ಹಾಕಿ. 2025ರಲ್ಲಿ ಗಲೀಜು ಟಾಯ್ಲೆಟ್ ಫೋಟೋಗೆ ಫಾಸ್ಟ್ಯಾಗಿಗೆ 1000 ರೂಪಾಯಿ ಹಾಕೋ ಸ್ಕೀಮ್ ಮಾಡಿದ್ರು, ಮೊದ್ಲು ಅಕ್ಟೋಬರ್ 31ರ ತನಕ ಅಂತ ಹೇಳಿದ್ರು, ಅದ್ರಲ್ಲೂ ಢಾಬಾ, ಪೆಟ್ರೋಲ್ ಬಂಕ್ ಸೇರಿಸಿರ್ಲಿಲ್ಲ. ಬಂಕಾದ್ರೆ ಆಯಿಲ್ ಕಂಪ್ನಿಯೋರು ಡೀಲರಿಗೆ ಹಾಕಿರೋ ನಿಯಮದಲ್ಲೇ ಕ್ಲೀನ್ ಟಾಯ್ಲೆಟ್, ಕುಡಿಯೋ ನೀರು ಬರುತ್ತೆ, ಬೀಗ ಹಾಕಿದ್ರೆ ಕಂಪ್ಲೇಂಟ್ ಬುಕ್ ಇಸ್ಕೊಂಡು ಬರೀರಿ.

ನೀವು ಹೇಳಿದ ಹೋಟೆಲಿಗೆ ಬೇರೆ ದಾರಿ. ಆಹಾರ ಸುರಕ್ಷತೆ ಲೈಸೆನ್ಸ್ ಕಣ್ರಿ ಅದಕ್ಕೆ, ಕೆಲಸ ಮಾಡೋರಿಗೆ ಟಾಯ್ಲೆಟ್, ಕೈ ತೊಳೆಯೋಕೆ ನೀರು ಸೋಪು ಇರ್ಲೇಬೇಕು. ನಲ್ಲೀಲಿ ನೀರಿಲ್ಲ ಅಂದ್ರೆ ನಿಮ್ಗೆ ಅನ್ನ ಬಡಿಸೋ ಹುಡುಗ ಕೈ ಎಲ್ಲಿ ತೊಳೀತಾನೆ? ಗೋಡೆ ಮೇಲೆ 14 ಅಂಕಿ ಲೈಸೆನ್ಸ್ ನಂಬರ್ ಹಾಕಿರ್ಬೇಕು, ಅದರದ್ದೂ ಟಾಯ್ಲೆಟ್ಟಿಂದೂ ಫೋಟೋ ತೆಗ್ದು ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಿ.

ಮಾಜಿ ಸೂಪರ್‌ವೈಸರ್:
ಬಸ್ ಸ್ಟ್ಯಾಂಡ್ ಕ್ಲೀನಿಂಗಲ್ಲಿ ಕೆಲಸ ಮಾಡಿದೀನಿ, ಯಾವ ಊರು ಅಂತ ಬೇಡ. ಜಾಸ್ತಿ ದುಡ್ಡು ಕಟ್ತೀನಿ ಅಂದೋನಿಗೆ ಟೆಂಡರ್ ಆಗುತ್ತೆ, ಆಮೇಲೆ ಅವ್ನು ಆ ದುಡ್ಡು ತೆಗೆಯೋದು ಹೆಂಗೆ, ಫಿನಾಯಿಲ್ ಕಮ್ಮಿ, ಆಳು ಕಮ್ಮಿ, ಹೆಂಗಸರಿಂದ ಐದು ರೂಪಾಯಿ. ರಾತ್ರಿ ಪಾಳಿಗೆ ಒಬ್ಳೇ ಅಕ್ಕ ಇರ್ತಿದ್ಳು, ದುಡ್ಡು ಇಸ್ಕೊಳ್ಳೋದೂ ಅವಳೇ ತೊಳೆಯೋದೂ ಅವಳೇ, ದಯವಿಟ್ಟು ಅವಳ ಮೇಲೆ ರೇಗಬೇಡಿ. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ನಮ್ಮ ರಾಜ್ಯದಲ್ಲಿ 150 ಪದದೊಳಗೆ ಒಂದೇ ವಿಷಯ ಕೇಳ್ಬೇಕು, ಆ ಶೌಚಾಲಯದ ಟೆಂಡರ್ ಷರತ್ತಿನ ಪ್ರತಿ ಕೊಡಿ ಅಂತಷ್ಟೇ ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಎಷ್ಟು ಸಲ ತೊಳೀಬೇಕು, ಯಾವುದಕ್ಕೆ ದುಡ್ಡು ತಗೋಬಾರ್ದು, ದಂಡ ಎಷ್ಟು, ಎಲ್ಲಾ ಅದ್ರಲ್ಲೇ ಬರ್ದಿರ್ತಾರೆ. ಇನ್ನೊಂದು ಮಾತು, ಗುಂಡಿ ತುಂಬಿದಾಗ ಮಷಿನ್ ಬಿಟ್ಟು ಮನುಷ್ಯನ್ನ ಇಳಿಸೋದು ಕಂಡ್ರೆ ತಕ್ಷಣ ಪೊಲೀಸ್ರಿಗೆ ಹೇಳಿ, 2013ರ ಕಾನೂನಲ್ಲಿ ಅದು ಅಪರಾಧ. ಟಾಯ್ಲೆಟ್ ಗಲೀಜಿಗಿಂತ ಅದು ದೊಡ್ಡದು.

ಹರಿಹರ ಸೊಸೆ:
ಅಕ್ಕ, ನೀರಿನ ಮಾತ್ರೆ ತಾವೇ ಬಿಡೋದು ಬೇಡ, ಪ್ರಯಾಣದ ದಿನ ಹೊತ್ತು ಬದಲಿಸ್ಬಹುದಾ ಅಂತ ಡಾಕ್ಟರ್ ಹತ್ರ ಕೇಳಿ. ಸದ್ಯಕ್ಕೆ ರೈಲಲ್ಲಿ ಹೋಗೋಕಾಗುತ್ತಾ ನೋಡಿ, ಬೀರೂರು ಅರಸೀಕೆರೆ ಸುತ್ತಿ ಹೋದ್ರೂ ಬೋಗಿಯಲ್ಲೇ ಟಾಯ್ಲೆಟ್ ಇರುತ್ತೆ, ಬಾಗಿಲಿಗೆ ಚಿಲಕನೂ ಇರುತ್ತೆ.

ದಾವಣಗೆರೆಯವಳು:
ಮಾತ್ರೆ ವಿಷಯ ನಾಳೆನೇ ಡಾಕ್ಟರಿಗೆ ಕೇಳ್ತೀನಿ. ಹೋಟೆಲ್ ಬಿಲ್ ಇನ್ನೂ ಐತೆ, ಲೈಸೆನ್ಸ್ ನಂಬರ್ ಅದ್ರಲ್ಲೇ ಪ್ರಿಂಟಾಗಿದೆ, ದೂರು ಕೊಡ್ತೀನಿ. ಟೆಂಡರ್ ಷರತ್ತು ಸಿಕ್ಕಿದ್ರೆ ಇಲ್ಲೇ ಹಾಕ್ತೀನಿ, ಆ ಸ್ಟ್ಯಾಂಡಲ್ಲಿ ಇಳಿಯೋ ಹೆಂಗಸರು ಪ್ರಿಂಟ್ ತಗೊಂಡು ಇಟ್ಕೊಳ್ಳಿ.