ಕಾರು ನಿಲ್ಲುವ ಜಾಗ ಮತ್ತು ಹಿತ್ತಲ ಶೆಡ್ಡಿನಲ್ಲಿ ಪುಟ್ಟ ವರ್ಕ್‌ಶಾಪ್: ಜೋಡಣೆ ಹೇಗಿರಬೇಕು?

ಹವ್ಯಾಸಿ, ವಿಜಯನಗರ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ 30x40 ಅಡಿ ನಿವೇಶನದ ಹಳೆಯ ಮನೆ ನಮ್ಮದು. ಮುಂಭಾಗದಲ್ಲಿ ಕಾರು ನಿಲ್ಲಿಸಲು 10 ಅಡಿ ಅಗಲ, 18 ಅಡಿ ಉದ್ದದ ಜಾಗವಿದ್ದು, ಅದರ ಪಕ್ಕದ ಮೆಟ್ಟಿಲಿನ ಕೆಳಗೆ ಬಾಗಿಲಿರುವ ಒಂದು ಗೂಡಿದೆ. ಗೇಟಿನ ಹತ್ತಿರ ನೆಲದಲ್ಲಿ ಸಂಪಿನ ಮುಚ್ಚಳವಿದೆ. ಹಿತ್ತಲಲ್ಲಿ ತಂದೆಯವರ ಕಾಲದಲ್ಲಿ ಸಿಮೆಂಟ್ ಶೀಟು ಹೊದಿಸಿದ ಚಿಕ್ಕ ಶೆಡ್ ಇದೆ. ಸದ್ಯಕ್ಕೆ ಅದರಲ್ಲಿ ಹಳೆಯ ಬಾಗಿಲು, ಬಣ್ಣದ ಡಬ್ಬಿ, ಪೈಪಿನ ತುಂಡುಗಳು ತುಂಬಿಕೊಂಡಿವೆ.

ಪುಸ್ತಕದ ಕಪಾಟು, ಸ್ಟೂಲುಗಳಂಥ ಮರಗೆಲಸವನ್ನು ರಜಾದಿನಗಳಲ್ಲಿ ಮಾಡುವ ಆಸೆ ನನಗಿದೆ. ನಲ್ಲಿ, ಸ್ವಿಚ್ಚು, ಮಕ್ಕಳ ಸೈಕಲ್ಲು ಇವುಗಳ ರಿಪೇರಿ ಹೇಗೂ ಇದ್ದೇ ಇರುತ್ತದೆ. ತಂದೆಯವರು ಬಿಟ್ಟುಹೋದ ಉಳಿ, ಗರಗಸ, ಅರಗಳ ಜೊತೆಗೆ ಒಂದು ಡ್ರಿಲ್ ಯಂತ್ರ ಮತ್ತು 4 ಇಂಚಿನ ಗ್ರೈಂಡರ್ ಇವೆ. ಈ ಎರಡು ಜಾಗಗಳ ನಡುವೆ ಕೆಲಸವನ್ನೂ ಸಾಮಾನನ್ನೂ ಹೇಗೆ ಹಂಚಬೇಕು, ಮೊದಲು ಕಬ್ಬಿಣದ ರ‍್ಯಾಕುಗಳನ್ನು ಕೊಳ್ಳಬೇಕೇ, ಮಳೆಗಾಲದಲ್ಲಿ ಹತ್ಯಾರುಗಳಿಗೆ ತುಕ್ಕು ಹಿಡಿಯದಂತೆ ಏನು ಮಾಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. ಸಂಜೆ ಕಾರು ಮತ್ತೆ ಅದೇ ಜಾಗಕ್ಕೆ ಬರಲೇಬೇಕು.

ಟೂಲ್‌ರೂಮ್ ನಿವೃತ್ತ, ಪೀಣ್ಯ:

ನಮಸ್ಕಾರ ಸರ್. ರ‍್ಯಾಕನ್ನು ದಯವಿಟ್ಟು ಕೊನೆಗೆ ಕೊಳ್ಳಿ. ಖಾಲಿ ರ‍್ಯಾಕು ಮನೆಗೆ ಬಂದರೆ ಬೇಡದ ಸಾಮಾನೆಲ್ಲ ಅದರ ಮೇಲೆ ಹತ್ತಿ ಕೂರುತ್ತದೆ. ಕೆಲಸ ಮಾಡಲು ನಿಲ್ಲುವ ಜಾಗ ಮಾತ್ರ ಎಲ್ಲೂ ಉಳಿಯುವುದಿಲ್ಲ. ಮೊದಲು ಮೇಜಿನ ಜಾಗ ಗೊತ್ತಾಗಬೇಕು, ಉಳಿದದ್ದೆಲ್ಲ ಅದರ ಸುತ್ತ ಕೂರಬೇಕು.

ನಿಮ್ಮ ಲೆಕ್ಕವನ್ನೇ ನೋಡೋಣ. ಸಾಮಾನ್ಯ ಚಿಕ್ಕ ಕಾರಿನ ಅಗಲ ಆರು ಅಡಿಯೊಳಗೇ ಇರುತ್ತದೆ. ಚಾಲಕರು ಇಳಿಯುವ ಬದಿಯಲ್ಲಿ ಎರಡೂವರೆ ಅಡಿ ಬಿಟ್ಟರೂ ಇನ್ನೊಂದು ಗೋಡೆಯ ಕಡೆಗೆ ಒಂದೂವರೆ ಅಡಿ ಉಳಿಯುತ್ತದೆ. ಆ ಗೋಡೆಗೆ 18 ಇಂಚು ಅಗಲ, 5 ಅಡಿ ಉದ್ದದ ಮೇಜು ಸಾಕು. ಹಲಗೆಗೆ 19 ಮಿ.ಮೀ. ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿ ಬಳಸಿದರೆ ಸುತ್ತಿಗೆಯ ಪೆಟ್ಟಿಗೆ ಅದು ಕುಣಿಯುವುದಿಲ್ಲ. ಹಲಗೆಯ ಮುಂದಿನ ಅಂಚನ್ನು ಚೌಕಟ್ಟಿಗಿಂತ ಎರಡು ಇಂಚು ಹೊರಗೆ ಚಾಚಿಸಿ, ಇಲ್ಲವಾದರೆ ಕ್ಲಾಂಪ್ ಹಿಡಿಯಲು ಅಂಚೇ ಸಿಗುವುದಿಲ್ಲ. ಕಾರು ಇರುವಾಗ ಮೇಜಿನ ಬಳಿ ನಿಲ್ಲಲಾಗುವುದಿಲ್ಲ. ಅದು ಹೊರಗಿದ್ದಾಗ ಇಡೀ ಅಂಗಳವೇ ನಿಮ್ಮದು.

ಎತ್ತರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೆನ್ನುನೋವು ಶುರುವಾಗುವುದೇ ಇಲ್ಲಿಂದ. ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಮೇಜು ಬರಬೇಕು. ಐದೂವರೆ ಅಡಿಯವರಿಗೆ ಇದು 33-34 ಇಂಚಿನ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ 4 ಇಂಚಿನ ಬೆಂಚ್ ವೈಸ್ (ಎರಡು ದವಡೆಗಳ ನಡುವೆ ವಸ್ತುವನ್ನು ಬಿಗಿಯಾಗಿ ಹಿಡಿಯುವ ಸಾಧನ) ಕೂರಿಸಿದರೆ ವೈಸಿನ ದವಡೆ ಮೊಣಕೈ ಮಟ್ಟಕ್ಕೆ ಬರುತ್ತದೆ, ಅರ ಉಜ್ಜಲು ಅದೇ ಸರಿಯಾದ ಎತ್ತರ. ವೈಸನ್ನು ಮೇಜಿನ ಒಂದು ಮೂಲೆಯಲ್ಲಿ, ಕಾಲಿನ ನೇರಕ್ಕೆ, ಅದರ ಹಿಂದಿನ ಸ್ಥಿರ ದವಡೆ ಮೇಜಿನ ಅಂಚಿಗಿಂತ ಕೂದಲೆಳೆಯಷ್ಟು ಮುಂದಿರುವಂತೆ ಬೋಲ್ಟ್ ಮಾಡಿಸಿ. ಆಗ ಉದ್ದನೆಯ ಪೈಪನ್ನು ನೆಟ್ಟಗೆ ಹಿಡಿದರೂ ಅದು ಮೇಜಿಗೆ ತಗಲದೆ ನೆಲದವರೆಗೆ ಇಳಿಯುತ್ತದೆ.

ಇನ್ನು ಹತ್ಯಾರುಗಳ ಹಂಚಿಕೆ. ಉಳಿಗಳೆಲ್ಲ ಒಂದು ಕಡೆ, ಸ್ಪಾನರುಗಳೆಲ್ಲ ಒಂದು ಕಡೆ ಎಂಬ ಕ್ರಮ ಕಾರ್ಖಾನೆಯ ಸ್ಟೋರಿಗೆ ಸರಿ. ಮನೆಯಲ್ಲಿ ನಲ್ಲಿ ಸೋರುವುದು ಮಹಡಿಯ ಬಚ್ಚಲಲ್ಲಿ, ಸ್ವಿಚ್ಚು ಕೆಡುವುದು ಮಲಗುವ ಕೋಣೆಯಲ್ಲಿ. ಕೆಲಸ ಶೆಡ್ಡಿಗೆ ಬರುವುದಿಲ್ಲ, ನಾವೇ ಕೆಲಸದ ಬಳಿಗೆ ಹೋಗಬೇಕು. ಆದ್ದರಿಂದ ನಲ್ಲಿಗೊಂದು, ಕರೆಂಟಿಗೊಂದು, ಸೈಕಲ್ಲಿಗೊಂದು ಹಿಡಿಕೆಯಿರುವ ಪೆಟ್ಟಿಗೆ ಮಾಡಿ. ನಲ್ಲಿಯ ಪೆಟ್ಟಿಗೆಯಲ್ಲಿ ಪೈಪ್ ರೆಂಚು, ಟೆಫ್ಲಾನ್ ಟೇಪು, ವಾಷರುಗಳು, ಒಂದು ಹಳೆಯ ಬಟ್ಟೆ ಯಾವಾಗಲೂ ಇರಲಿ. ಇದರಿಂದ ಸ್ಕ್ರೂಡ್ರೈವರಿನಂಥ ಕೆಲವು ವಸ್ತುಗಳನ್ನು ಎರಡೆರಡು ಕೊಳ್ಳಬೇಕಾಗುತ್ತದೆ, ಆ ಖರ್ಚು ಖಂಡಿತ ಸಾರ್ಥಕ. ಈ ಪೆಟ್ಟಿಗೆಗಳಿಗೆ ಮೆಟ್ಟಿಲ ಕೆಳಗಿನ ಗೂಡು ಹೇಳಿ ಮಾಡಿಸಿದಂತಿದೆ. ಮರಗೆಲಸದ ಹತ್ಯಾರುಗಳು ಮಾತ್ರ ಮೇಜಿನ ಹಿಂದಿನ ಗೋಡೆಯ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿರಲಿ.

ಮೊಳೆ, ತಿರುಪುಗಳಿಗೆ ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಗಳಿರಲಿ. ಖಾನೆಗಳಿರುವ ಚಿಕ್ಕ ಡ್ರಾಯರ್ ಪೆಟ್ಟಿಗೆಗಳನ್ನು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ ನೋಡಿ. ಸಂಪಿನ ಮುಚ್ಚಳದ ಮೇಲೆ ಏನನ್ನೂ ಇಡಬೇಡಿ, ಟ್ಯಾಂಕರ್ ಬಂದ ಹೊತ್ತಿನಲ್ಲಿ ಅದನ್ನು ಸರಿಸುತ್ತಾ ನಿಲ್ಲಬೇಕಾಗುತ್ತದೆ.

ವೈರಿಂಗ್ ಕೆಲಸದವನು, ಯಶವಂತಪುರ:

ಮೇಲಿನವರ ಮಾತಿಗೆ ವಿದ್ಯುತ್ತಿನ ವಿಷಯವನ್ನು ಸೇರಿಸುತ್ತೇನೆ. ಕಾರು ನಿಲ್ಲಿಸುವ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ದೀಪದ ಲೈನಿನಿಂದ ಎಳೆದ ಒಂದು 6 ಆಂಪಿಯರ್ ಸಾಕೆಟ್ಟು. ಗ್ರೈಂಡರಿನ ಜೊತೆಗೆ ಧೂಳು ಎಳೆಯುವ ವ್ಯಾಕ್ಯೂಮ್ ಕ್ಲೀನರನ್ನೂ ಓಡಿಸಿದರೆ ಒಟ್ಟು 2,000 ವಾಟ್ ತಲುಪಬಹುದು. 230 ವೋಲ್ಟಿನಲ್ಲಿ ಅದು ಸುಮಾರು 9 ಆಂಪಿಯರ್. ಹೀಗಾಗಿ ಮನೆಯ ಲೈನುಗಳೆಲ್ಲ ಕವಲೊಡೆಯುವ ಡಿ.ಬಿ. ಬಾಕ್ಸಿನಿಂದ ಪ್ರತ್ಯೇಕ ಎಂ.ಸಿ.ಬಿ. (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ, 4 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿ, ಮೇಜಿನ ಮೇಲೆ 16 ಆಂಪಿಯರಿನ ಎರಡು ಸಾಕೆಟ್ಟುಗಳನ್ನು ಕೂರಿಸಿ. ದೀಪ ಮಾತ್ರ ಬೇರೆ ಲೈನಿನಲ್ಲೇ ಇರಲಿ. ಗ್ರೈಂಡರಿನಿಂದ ಎಂ.ಸಿ.ಬಿ. ಬಿದ್ದಾಗ ಬೆಳಕೂ ಹೋದರೆ, ಇನ್ನೂ ತಿರುಗುತ್ತಿರುವ ಚಕ್ರವನ್ನು ಕತ್ತಲಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ.

ಈ ಲೈನಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ರಕ್ಷಣೆ ಕಡ್ಡಾಯವೆಂದೇ ಭಾವಿಸಿ. ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಒದ್ದೆ ನೆಲದ ಮೇಲೆ ನಿಂತವರಿಗೆ ಷಾಕ್ ಹೊಡೆದರೆ ಕರೆಂಟನ್ನು ಕಡಿಯುವುದು ಆರ್.ಸಿ.ಸಿ.ಬಿ. ಉದ್ದನೆಯ ಎಕ್ಸ್‌ಟೆನ್ಷನ್ ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ, ಸುತ್ತಿದಂತೆಯೇ ಬಿಟ್ಟರೆ ತಂತಿ ಒಳಗೊಳಗೇ ಬಿಸಿಯಾಗಿ ಅದರ ಪ್ಲಾಸ್ಟಿಕ್ ಹೊದಿಕೆ ಕರಗಬಹುದು. ಇನ್ನೊಂದು ಮುಖ್ಯ ವಿಷಯ: ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕಬ್ಬಿಣಕ್ಕೆ ಗ್ರೈಂಡರ್ ಹಿಡಿಯುವ ಮೊದಲು ಕಾರನ್ನಷ್ಟೇ ಅಲ್ಲದೆ ಸ್ಕೂಟರನ್ನೂ ಹೊರಗೆ ನಿಲ್ಲಿಸಬೇಕು.

ಮರಗೆಲಸದ ಅಭ್ಯಾಸಿ, ಜಯನಗರ:

ನಿಮ್ಮ ಹಿತ್ತಲ ಶೆಡ್ಡಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತಂದೆಯವರ ಕಾಲದ ಸಿಮೆಂಟ್ ಶೀಟು ಎಂದಿರಿ. ಅಂಥ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರುವ ಸಂಭವವೇ ಹೆಚ್ಚು. ಕೊಕ್ಕೆ ಹಾಕಲೆಂದು ಅದಕ್ಕೆ ಡ್ರಿಲ್ ಹಿಡಿಯಬೇಡಿ, ಕತ್ತರಿಸಬೇಡಿ, ಪಾಚಿ ತೆಗೆಯಲೆಂದು ಬ್ರಷ್ಷಿನಿಂದ ಉಜ್ಜಬೇಡಿ. ಅದರ ಧೂಳಿನಲ್ಲಿರುವ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ಉಳಿದು, ದಶಕಗಳ ನಂತರವೂ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಮುಟ್ಟದೆ ಹಾಗೆಯೇ ಬಿಡುವುದು ಕ್ಷೇಮ. ತೂಗುಹಾಕುವುದನ್ನೆಲ್ಲ ನೆಲದ ಮೇಲೆ ನಿಲ್ಲುವ ಚೌಕಟ್ಟಿಗೆ ತೂಗುಹಾಕಿ.

ಆ ಶೆಡ್ಡನ್ನು ಮರ, ಪ್ಲೈವುಡ್ ಮತ್ತು ಬಣ್ಣಗಳಿಗೆ ಮೀಸಲಿಡಿ; ಉಳಿ, ಗರಗಸಗಳನ್ನು ಅಲ್ಲಿ ಇಡಲೇಬೇಡಿ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು, ಆಗ ಹಿತ್ತಲಿನ ತೇವ ಆರುವುದೇ ಇಲ್ಲ. ಹಲಗೆಗಳನ್ನು ನೆಲದಿಂದ ನಾಲ್ಕು ಇಂಚು ಮೇಲೆ, ಗೋಡೆಗೆ ತಾಗದಂತೆ ಜೋಡಿಸಿದರೆ ತೇವವೂ ಏರುವುದಿಲ್ಲ, ಗೆದ್ದಲು ಕಟ್ಟುವ ಮಣ್ಣಿನ ದಾರಿಯೂ ಕಣ್ಣಿಗೆ ಬೀಳುತ್ತದೆ. ಪ್ಲೈವುಡ್ ಹಾಳೆಗಳನ್ನು ಓರೆಯಾಗಿ ಒರಗಿಸಿದರೆ ಬಾಗುತ್ತವೆ. ಮಲಗಿಸಲು ಜಾಗವಿಲ್ಲದಿದ್ದರೆ ಆದಷ್ಟು ನೆಟ್ಟಗೆ ನಿಲ್ಲಿಸಿ.

ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆಗಿಂತ ದೊಡ್ಡ ಉಪಾಯ ಬೇಕಿಲ್ಲ. ಉಳಿಯ ಅಲಗನ್ನು ಬೆರಳಿನಿಂದ ಮುಟ್ಟಿ ಹಾಗೆಯೇ ಇಟ್ಟರೆ ಮಳೆಗಾಲದಲ್ಲಿ ಬೆವರಿನ ಗುರುತೇ ಕಂದು ಕಲೆಯಾಗಿ ಮೂಡುತ್ತದೆ. ಕೆಲಸ ಮುಗಿದೊಡನೆ ಎಣ್ಣೆಬಟ್ಟೆಯಿಂದ ಒರೆಸಿಡಿ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಪೊಟ್ಟಣ ಗಾಳಿಯಾಡದ ಪೆಟ್ಟಿಗೆಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ಗ್ರೈಂಡರಿನ ಕಿಡಿಗೆ ಹೊತ್ತಿಕೊಳ್ಳಬಹುದಾದ್ದರಿಂದ ಥಿನ್ನರ್ ಡಬ್ಬಿಯನ್ನು ಕಾರಿನ ಜಾಗದ ಮೇಜಿನ ಹತ್ತಿರವೂ ಇಡಬಾರದು.

ಹವ್ಯಾಸಿ, ವಿಜಯನಗರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶೀಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದೇ ಸಂದೇಹ: ಮೇಜು ಬರುವ ಬದಿಯಲ್ಲಿರುವುದು ಮನೆಯ ಗೋಡೆಯಲ್ಲ, 4 ಇಂಚಿನ ಬ್ಲಾಕಿನ ಕಾಂಪೌಂಡು. ಅದರ ಮೇಲೆ ಹತ್ಯಾರುಗಳನ್ನು ತೂಗುಹಾಕಬಹುದೇ?

ಟೂಲ್‌ರೂಮ್ ನಿವೃತ್ತ, ಪೀಣ್ಯ:

ಭಾರವನ್ನು ಕಾಂಪೌಂಡಿಗೆ ಹೊರಿಸಬೇಡಿ ಸರ್. ಅಷ್ಟು ತೆಳುವಾದ ಬ್ಲಾಕಿನಲ್ಲಿ ಆ್ಯಂಕರ್ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು, ಮೇಲಾಗಿ ಗೋಡೆಯ ಆಚೆಗಿನದು ಪಕ್ಕದ ಮನೆಯವರ ಗಾರೆ. ಮೇಜಿನ ಹಿಂದಿನ ಎರಡು ಕಾಲುಗಳನ್ನು ಆರು ಅಡಿಯವರೆಗೆ ಎತ್ತರಿಸಿ, ಅವುಗಳ ನಡುವೆ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ತಿರುಪಿನಿಂದ ಬಿಗಿಸಿ. ಆಗ ಹತ್ಯಾರುಗಳ ತೂಕವೆಲ್ಲ ಮೇಜಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಮೇಜು ಅಲುಗದಂತೆ ಮಾತ್ರ ಗೋಡೆಗೆ ಎರಡು ಚಿಕ್ಕ ಪ್ಲಗ್ ಹಾಕಿ ಹಿಡಿಸಿದರೆ ಸಾಕು. ಹಲಗೆಗೂ ಗೋಡೆಗೂ ನಡುವೆ ಒಂದು ಇಂಚಿನ ಸಂದು ಬಿಡಿ, ಮಳೆಯಲ್ಲಿ ನೆನೆದ ಕಾಂಪೌಂಡಿನ ತೇವ ಹತ್ಯಾರುಗಳಿಗೆ ತಗಲುವುದಿಲ್ಲ.