ಸಮುದ್ರ ದೂರ, ಹಿನ್ನೀರು ಹತ್ತಿರ: ನೀರಿನ ಫೋಟೊ ಕಲಿಯೋಕೆ ನಿಮ್ಮ ಅನುಭವ ಹೇಳಿ

ಕೇಳಿದವರು, ಬಾಗಲಕೋಟೆ ನವನಗರ:

ಎಲ್ಲರಿಗೂ ನಮಸ್ಕಾರ ರೀ. ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತೊಗೊಂಡೆ. ಜೊತೆಗೆ ಬಂದ 18-55 ಲೆನ್ಸ್ (18ಕ್ಕೆ ಅಗಲ ನೋಟ, 55ಕ್ಕೆ ಸ್ವಲ್ಪ ಹತ್ತಿರದ ನೋಟ) ಒಂದೇ ಇದೆ. ಹೋದ ತಿಂಗಳು ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗಿ ನಾನೂರು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಆಕಾಶ ಸುಣ್ಣ ಬಳಿದ ಗೋಡೆ, ಸಮುದ್ರ ಬೂದಿ ಬಣ್ಣ. ಸಂಜೆ ತೆಗೆದವುಗಳಲ್ಲಿ ಗೆಳೆಯರ ಮುಖವೇ ಇಲ್ಲ, ಬರೀ ಕಪ್ಪು. ಅಂಗಡಿಯವರು ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು), ಅಗಲ ನೋಟದ ವೈಡ್ ಲೆನ್ಸ್ ಎರಡೂ ಬೇಕು ಅಂತಾರೆ. ಹದಿನೈದು ಸಾವಿರ ಕೂಡಿಟ್ಟಿದ್ದೇನೆ. ತೊಗೊಳ್ಳಲಾ, ಬೇಡವಾ? ಪದೇ ಪದೇ ಸಮುದ್ರಕ್ಕೆ ಹೋಗೋದು ನನ್ನಿಂದ ಆಗಲ್ಲ. ನಮ್ಮ ಕಡೆ ಎಲ್ಲಿ ಹೋಗಿ ಕಲಿಯೋದು?

ಬಾಗಲಕೋಟೆಯ ಒಬ್ಬ ಮಾಸ್ತರು:

ತಮ್ಮಾ, ದುಡ್ಡು ಹಾಗೇ ಇರಲಿ. ನವನಗರದಲ್ಲಿ ಕುಳಿತು ನೀರು ಎಲ್ಲಿ ಅಂತ ಕೇಳ್ತೀಯಲ್ಲ! ಹಳೇ ಊರು ಮುಳುಗುತ್ತದೆ ಅಂತಲೇ ನಿನ್ನ ನವನಗರ ಕಟ್ಟಿದ್ದು. ಆಲಮಟ್ಟಿ ಹಿನ್ನೀರು ಸೈಕಲ್ ತುಳಿದರೆ ಸಿಗುತ್ತದೆ.

ನಮ್ಮ ರೈತರು ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡುತ್ತಾರೆ. ನಾನೂ ನೋಡುತ್ತೇನೆ, ಕಾರಣ ಬೇರೆ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಅದರ ಹತ್ತಿರ ಬಂದಾಗ ಹಿನ್ನೀರು ಸಮುದ್ರವೇ. ಆಚೆ ದಡ ಮಸುಕು, ಜಾಲಿ ಗಿಡಗಳ ತಲೆ ಮಾತ್ರ ಮೇಲೆ. ನಮ್ಮದು ಸಪಾಟು ನೆಲ. ಹಾಗಾಗಿ ಮಟ್ಟ ಒಂದು ಮೀಟರ್ ಇಳಿದರೂ ನೀರಿನ ಅಂಚು ಎಷ್ಟೋ ದೂರ ಸರಿಯುತ್ತದೆ. ಹೋದ ವಾರ ನಿಂತ ಜಾಗ ಈ ವಾರ ಇರಲ್ಲ. ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಹೋದರೆ ಬಿರುಕು ಬಿಟ್ಟ ಮಣ್ಣು, ನಡುವೆ ಒಂದು ಮುರಿದ ಗೋಡೆ. ನಾನು ಒಂದೇ ಜಾಲಿ ಗಿಡವನ್ನು ವರ್ಷವಿಡೀ ತೆಗೆದಿದ್ದೇನೆ. ನೋಡಿದವರು ನಾಲ್ಕು ಬೇರೆ ಬೇರೆ ಊರು ಅಂದುಕೊಂಡರು.

ಆಕಾಶ ಯಾಕೆ ಬಿಳಿ ಆಯಿತು ಅಂದರೆ, ನೀನು ಹನ್ನೊಂದರಿಂದ ಮೂರರ ನಡುವೆ ತೆಗೆದಿರಬೇಕು. ಆಗ ಆಕಾಶಕ್ಕೂ ನೆಲಕ್ಕೂ ಬೆಳಕಿನಲ್ಲಿ ಅಜಗಜಾಂತರ. ಕ್ಯಾಮೆರಾ ಪಾಪ ನಡುವೆ ಏನೋ ಒಂದು ಲೆಕ್ಕ ಹಾಕುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೊ ಬೆಳ್ಳಗೆ, ಕಪ್ಪಗೆ ಮಾಡುವ ಸೆಟ್ಟಿಂಗ್) ಮೈನಸ್ ಒಂದಕ್ಕೆ ಇಳಿಸಿ ನೋಡು. ಕ್ಯಾಮೆರಾ ಕುಗ್ಗಿಸಿ ಕೊಡುವ ಜೆಪೆಗ್ ಬಿಟ್ಟು, ಎಲ್ಲ ವಿವರ ಉಳಿಸುವ ರಾ ಫೈಲ್ ಇಟ್ಟುಕೋ. ಕಪ್ಪಾದ ನೆಲವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಬೆಳಗಿಸಬಹುದು. ಪೂರ್ತಿ ಬೆಳ್ಳಗಾದ ಆಕಾಶ ಮಾತ್ರ ದೇವರು ಬಂದರೂ ವಾಪಸ್ ಬರಲ್ಲ. ಎಲ್ಲಕ್ಕಿಂತ ಮೊದಲು ಬೇಗ ಏಳು. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಹೊತ್ತು ಹುಟ್ಟೋದು ಏಳರ ಹತ್ತಿರ. ಆರೂವರೆಗೆ ದಂಡೆಯಲ್ಲಿರೋದು ಕಷ್ಟವೇನಲ್ಲ.

ಚಳಿಗಾಲ ಕಳೆಯುವಾಗ ಹಿನ್ನೀರಿಗೆ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಎಲ್ಲರೂ ಕ್ಯಾಮೆರಾ ಹಿಡಿದು ಓಡುತ್ತಾರೆ. ನಿನ್ನ 55ಕ್ಕೆ ಅವು ಚುಕ್ಕಿ ಮಾತ್ರ. ಬೆನ್ನು ಹತ್ತಬೇಡ, ಹಾರಿಹೋಗುತ್ತವೆ. ನೀರಿನ ಮೇಲೆ ಒಂದು ಗುಲಾಬಿ ಗೆರೆ ಅಂದುಕೊಂಡು ತೆಗೆ, ಅದೇ ಚೆಂದ.

ಇನ್ನು ನನ್ನ ಪೆದ್ದತನ ಒಂದು. ಮೊದಲ ವರ್ಷ ಎರೆ ಮಣ್ಣು ಒಣಗಿದೆ ಅಂತ ನಂಬಿ ಟ್ರೈಪಾಡ್ ಊರಿದೆ. ಮೇಲೆ ರೊಟ್ಟಿ, ಕೆಳಗೆ ಅಂಬಲಿ. ನಿಧಾನಕ್ಕೆ ವಾಲಿ ಕ್ಯಾಮೆರಾ ಸಮೇತ ಕೆಸರಿಗೆ ಬಿತ್ತು. ರಿಪೇರಿಗೆ ಕೊಟ್ಟ ಅಂಗಡಿಯವನು ಎರಡು ತಿಂಗಳು ಓಡಾಡಿಸಿದ. ಈಗ ಟ್ರೈಪಾಡಿನ ಮೂರು ಕಾಲಿಗೂ ಕೆಳಗೆ ಹಳೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಇಡುತ್ತೇನೆ.

ಬೆಳಗಾವಿಯಿಂದ, ಬ್ಯಾಂಕ್ ಕೆಲಸ, ವಾರಾಂತ್ಯಕ್ಕೆ ಕರಾವಳಿ:

ಮಾಸ್ತರರು ಏನೂ ಕೊಳ್ಳಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. ಗಟ್ಟಿಯಾದ ಟ್ರೈಪಾಡ್ ತೊಗೊಳ್ಳಿ. ಆಮೇಲೆ ಒಂದು ಪೋಲರೈಸರ್, ಅಂದರೆ ಹೊಳಪು ತಗ್ಗಿಸುವ ಫಿಲ್ಟರ್. ವೈಡ್ ಲೆನ್ಸ್ ಈಗ ಬೇಡ, 18 ಸಾಕಷ್ಟು ಅಗಲವೇ. ಇನ್ನೂ ಅಗಲ ಮಾಡಿದರೆ ಖಾಲಿ ಮರಳೇ ಜಾಸ್ತಿ ಕಾಣೋದು.

ಎನ್‌ಡಿ ಲೆಕ್ಕ ಹೀಗಿದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ; ಹತ್ತು ಸ್ಟಾಪಿನ ಫಿಲ್ಟರ್ ಬೆಳಕನ್ನು ಸಾವಿರ ಪಟ್ಟು ಕಡಿಮೆ ಮಾಡುತ್ತದೆ. ಶಟರ್ ತೆರೆದಿರುವ ಹೊತ್ತು 1/60 ಸೆಕೆಂಡ್ ಇದ್ದದ್ದು ಸುಮಾರು 17 ಸೆಕೆಂಡ್ ಆಗುತ್ತದೆ. ಆಗ ಅಲೆಯೆಲ್ಲ ಅಳಿಸಿ ಸಮುದ್ರ ಹಾಲು ಚೆಲ್ಲಿದ ಹಾಗೆ. ಮೊದಲ ಹತ್ತು ಫೋಟೊ ಖುಷಿ ಕೊಡುತ್ತದೆ, ಆಮೇಲೆ ನನಗಂತೂ ಬೇಜಾರಾಯಿತು. ನನಗೆ ಇಷ್ಟ ಅರ್ಧ ಸೆಕೆಂಡ್. ಅಲೆ ದಡಕ್ಕೆ ಬಂದು ವಾಪಸ್ ಹೋಗುವಾಗ ಒತ್ತಿದರೆ ನೊರೆ ಎಳೆ ಎಳೆಯಾಗಿ ಬರುತ್ತದೆ. ಅದಕ್ಕೆ ಫಿಲ್ಟರೇ ಬೇಡ. ಸೂರ್ಯ ಮುಳುಗಿದ ಮೇಲೆ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್ 11 (ಲೆನ್ಸಿನ ಕಂಡಿಯ ಅಳತೆ) ಇಟ್ಟರೆ ಅರ್ಧ ಸೆಕೆಂಡ್ ತಾನಾಗಿ ಸಿಗುತ್ತದೆ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಬಜ್ಜಿ ತಿನ್ನಲು ಹೋಗುತ್ತಾರೆ ನೋಡಿ, ಆ ಮುಂದಿನ ಇಪ್ಪತ್ತು ನಿಮಿಷ ನಿಮ್ಮದು.

ನಮ್ಮ ಕರಾವಳಿ ಪಶ್ಚಿಮಕ್ಕೆ. ಸಂಜೆ ಸೂರ್ಯ ಎದುರಿಗೆ, ಅದಕ್ಕೇ ಗೆಳೆಯರು ಕಪ್ಪಾದರು. ಅದನ್ನು ಸರಿ ಮಾಡುವುದಕ್ಕಿಂತ ಕಪ್ಪಾಗಿಯೇ ಇರಲಿ ಅಂತ ಅವರನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಮೂಗು, ಗಲ್ಲದ ಆಕಾರ ಕಾಣುತ್ತದೆ. ಸಮುದ್ರ ನೀಲಿಯಾಗಿ ಬೇಕಾದರೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ, ಸೂರ್ಯ ಬೆನ್ನ ಹಿಂದಿರುತ್ತಾನೆ. ಪೋಲರೈಸರ್ ಕೆಲಸ ಮಾಡುವುದು ಸೂರ್ಯ ನಿಮ್ಮ ಭುಜದ ಪಕ್ಕದಲ್ಲಿದ್ದಾಗ. ಹಾಗಾಗಿ ನೇರ ಸಮುದ್ರಕ್ಕೆ ಅಲ್ಲ, ದಡದ ಉದ್ದಕ್ಕೆ ತಿರುಗಿ ತೆಗೀರಿ.

ಹೋಗುವ ಮೊದಲು ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ನೀರು ಜಾಸ್ತಿ ಇಳಿಯುತ್ತದೆ, ಒದ್ದೆ ಮರಳು ಕನ್ನಡಿಯಾಗುತ್ತದೆ. ಒಮ್ಮೆ ಇದೊಂದನ್ನು ನೋಡದೆ ಚೋರ್ಲಾ ಘಾಟ್ ಇಳಿದು ಹೋದೆ. ಉಬ್ಬರದ ನೀರು ತಡೆಗೋಡೆವರೆಗೂ ಬಂದಿತ್ತು, ಮರಳೇ ಇಲ್ಲ. ಮೀನೂಟ ಮಾಡಿ ವಾಪಸ್ ಬಂದೆ. (ಊಟ ಚೆನ್ನಾಗಿತ್ತು.)

ಎಸಿ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ತೆಗೆಯಬೇಡಿ, ಗಾಜಿಗೆ ಹನಿ ಕೂರುತ್ತದೆ. ಚೀಲದಲ್ಲೇ ಅರ್ಧ ತಾಸು ಇರಲಿ. ಮನೆಗೆ ಬಂದು ಉಪ್ಪಿನ ಪಸೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಬೆಳಗಾವಿ ಮಳೆಗಾಲದಲ್ಲಿ ನನ್ನ ಒಂದು ಲೆನ್ಸಿಗೆ ಬೂಷ್ಟು ಬಂದು ಕೈಬಿಟ್ಟಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ನಮ್ಮ ಕಡೆಗೂ ಬನ್ನಿ. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ಮೇಲೆ ಬರುತ್ತದೆ. ಗುಡಿ ಅರ್ಧ ನೀರಿನಲ್ಲಿರುವಾಗ ಸಿಕ್ಕರೆ ನಿಮ್ಮ ಪುಣ್ಯ.

ವಿಜಯಪುರದಿಂದ:

ನನ್ನ ಹತ್ತಿರ ಮೊಬೈಲ್ ಮಾತ್ರ. ಬೇಗಂ ತಲಾಬಿಗೆ ಹೋಗುತ್ತಿರುತ್ತೇನೆ. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ. ಪರದೆ ಮೇಲೆ ಆಕಾಶದ ಜಾಗದಲ್ಲಿ ಬೆರಳು ಒತ್ತಿ ಹಿಡಿದು, ಬೆಳಕು ಲಾಕ್ ಆದ ಮೇಲೆ ಕೆಳಗೆ ಎಳೆದರೆ ಆಕಾಶದ ಬಣ್ಣ ಉಳಿಯುತ್ತದೆ. ನಮ್ಮೂರಿನ ಬೇಸಿಗೆ ಆಕಾಶಕ್ಕೆ ಮಾತ್ರ ಯಾವ ಲೆನ್ಸೂ ಉಪಯೋಗಕ್ಕೆ ಬರಲ್ಲ ರೀ, ಬರೀ ಧೂಳು. ಮಳೆ ಬಿದ್ದ ಮಾರನೇ ದಿನ ಹೋಗಿ.

ಬಾದಾಮಿ ಹತ್ತಿರದ ಹಳ್ಳಿಯಿಂದ:

ಬಾದಾಮಿಯ ಅಗಸ್ತ್ಯ ತೀರ್ಥದ ಹೆಸರೇ ಯಾರೂ ಎತ್ತಲಿಲ್ಲ, ಆಶ್ಚರ್ಯ. ಭೂತನಾಥ ಗುಡಿ ಇರುವುದು ಹೊಂಡದ ಪೂರ್ವ ದಂಡೆಗೆ, ಮುಖ ಪಶ್ಚಿಮಕ್ಕೆ. ಸಂಜೆ ಬಿಸಿಲು ಬಿದ್ದಾಗ ಗುಡಿಯೂ ಹಿಂದಿನ ಬಂಡೆಯೂ ಕೆಂಡದ ಬಣ್ಣ. ತೊಂದರೆ ಏನಂದರೆ ಬೆಳಿಗ್ಗೆ ನೀರು ಅಲುಗಾಡಲ್ಲ, ಆದರೆ ಸೂರ್ಯ ಗುಡಿಯ ಹಿಂದೆ. ಸಂಜೆ ಬೆಳಕು ಸರಿ ಇರುತ್ತದೆ, ಗಾಳಿ ನೀರನ್ನು ಕದಡುತ್ತದೆ. ಎರಡೂ ಕೂಡಿ ಬಂದ ಸಂಜೆ ನನಗೆ ಸಿಕ್ಕಿದ್ದು ನಾಲ್ಕನೇ ಸಲ ಹೋದಾಗ. ನೀರಿಗೆ ಹತ್ತಿರ ಕೂತು, ಕ್ಯಾಮೆರಾ ಮೊಣಕಾಲಿಗಿಂತ ಕೆಳಗೆ ಹಿಡಿದರೆ ನೀರಿನಲ್ಲಿ ಗುಡಿಯ ಪ್ರತಿಬಿಂಬ ಪೂರ್ತಿ ಬರುತ್ತದೆ.

ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಿಚ್ಚಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಚೀಲದಲ್ಲಿ ತಿನ್ನುವುದು ಇಟ್ಟುಕೊಳ್ಳಬೇಡಿ. ಮಂಗಗಳು ಜಿಪ್ ತೆಗೆಯುವುದನ್ನು ನಮಗಿಂತ ಚೆನ್ನಾಗಿ ಕಲಿತಿವೆ. ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುತ್ತಾರೆ, ಕೇಳದೆ ಅವರತ್ತ ಕ್ಯಾಮೆರಾ ತಿರುಗಿಸಬೇಡಿ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಧನ್ಯವಾದ ರೀ. ಬೆಳಗಾವಿ ಅಕ್ಕ ಹೇಳಿದ ಹಾಗೆ ಟ್ರೈಪಾಡ್ ಮಾತ್ರ ತೊಗೊಂಡೆ. ಮೂರು ದಿನ ಬೆಳಿಗ್ಗೆ ಹಿನ್ನೀರಿಗೆ ಹೋದೆ. ಮೊದಲ ದಿನ ಮಂಜು, ಏನೂ ಕಾಣಲಿಲ್ಲ. ಎರಡನೇ ದಿನ ಫೋಟೊ ಬಂತು, ನೀರಿನ ಗೆರೆ ಸೊಟ್ಟ. ಮೂರನೇ ದಿನ ಮೀನು ಹಿಡಿಯುವ ಕಾಕಾ ಒಬ್ಬರು ಬಲೆ ಬಿಡಿಸುತ್ತಿದ್ದರು. ಕೇಳಿ ತೆಗೆದೆ. ಆಕಾಶ ಬಿಳಿ ಆಗಿಲ್ಲ! ಆ ಫೋಟೊ ಪ್ರಿಂಟ್ ಹಾಕಿಸಿ ಕೊಡಬೇಕು ಅಂತಿದ್ದೇನೆ. ನೀರಿನ ಅಂಚಿಗೆ ಕೂತು ತೆಗೆಯೋದೇ ಚೆನ್ನಾಗಿ ಬರುತ್ತದೆ ಅನ್ನಿಸಿತು.

ಮಾಸ್ತರು:

ಪ್ರಿಂಟ್ ಕೊಡು, ಮುಂದಿನ ಸಲ ಹರಿಗೋಲಿನಲ್ಲಿ ಕೂರಿಸಿಕೊಂಡರೂ ಕೂರಿಸಿಕೊಂಡಾರು. ಹತ್ತಿದರೆ ಲೈಫ್ ಜಾಕೆಟ್ ಹಾಕಿಕೋ. ಮತ್ತೆ ತಮ್ಮಾ, ಬಾದಾಮಿ ಹೊಂಡದ ಮಾತು ಬೇರೆ, ನಮ್ಮ ಕೃಷ್ಣೆಯಲ್ಲಿ ಮೊಸಳೆ ಇವೆ. ಅಂಚಿಗೆ ಕೂರುವ ಮೊದಲು ಆ ಕಾಕಾನನ್ನೇ ಒಂದು ಮಾತು ಕೇಳು.